ಗೇರ್ ಲಿವರಿನ ನಡುಕ: ಕಬ್ಬಿನ ಟ್ರ್ಯಾಕ್ಟರಿನಿಂದ ಸ್ಪೋರ್ಟ್ಸ್ ಕಾರಿನವರೆಗೆ

ಮೋಟಾರು ವಾಹನಗಳ ಚರಿತ್ರೆ ಎಂದರೆ ಸಾಮಾನ್ಯವಾಗಿ ಎಂಜಿನ್ನಿನ ಶಕ್ತಿ, ವೇಗ, ಬೆಲೆ ಮತ್ತು ಕಾರ್ಖಾನೆಗಳ ಚರಿತ್ರೆ. ಚಾಲಕನ ಎಡಗೈಗೆ ದಿನವಿಡೀ ತಾಗುವ ಗೇರ್ ಲಿವರಿನ ನಡುಕಕ್ಕೆ ಅದರಲ್ಲಿ ಜಾಗ ಸಿಗುವುದು ಅಪರೂಪ. ಆದರೆ ಗೇರ್‌ಬಾಕ್ಸನ್ನು ಎಲ್ಲಿಟ್ಟರು, ಯಾವುದಕ್ಕೆ ಬಿಗಿದರು, ನಡುವೆ ಎಲ್ಲೆಲ್ಲಿ ರಬ್ಬರು ಹಾಕಿದರು ಎಂಬ ನೂರಮೂವತ್ತು ವರ್ಷಗಳ ತೀರ್ಮಾನಗಳೆಲ್ಲ ಕೊನೆಗೆ ಬಂದು ಸೇರುವುದು ಆ ಲಿವರಿನ ಹಿಡಿಯಲ್ಲೇ. ನಡುಕದ ಚರಿತ್ರೆ ಎಂದರೆ ಲಿವರಿನ ಬುಡವನ್ನು ಯಾವುದಕ್ಕೆ ಕಟ್ಟಿದರು ಎಂಬುದರ ಚರಿತ್ರೆ ಎನ್ನುವುದು ಈ ಲೇಖನದ ವಾದ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳಲ್ಲಿ ಮ್ಯಾನುಯಲ್ ಗೇರಿನ, ಹಿಂದಿನ ಚಕ್ರಗಳಿಂದ ಓಡುವ ಸ್ಪೋರ್ಟ್ಸ್ ಕಾರು ಕಣ್ಣಿಗೆ ಬೀಳುವುದು ಕಡಿಮೆ. ಹಿಂದಿನ ಚಕ್ರಗಳಿಂದಲೇ ಓಡುವ ಬಸ್ಸು, ಜೀಪು, ಅಂಬಾಸಿಡರ್, ಟ್ರ್ಯಾಕ್ಟರುಗಳು ಮಾತ್ರ ಇಲ್ಲಿ ಹಲವು ತಲೆಮಾರಿನ ಚಾಲಕರ ಕೈ ನಡುಗಿಸಿವೆ. ಆದ್ದರಿಂದ ಸ್ಪೋರ್ಟ್ಸ್ ಕಾರಿನ ಕಥೆಯನ್ನು ಈ ರಸ್ತೆಗಳಿಂದಲೂ ಓದಬಹುದು.

ಎಂಜಿನ್ನನ್ನು ಮುಂದಿಟ್ಟು, ಅದರ ಹಿಂದೆ ಗೇರ್‌ಬಾಕ್ಸು ಜೋಡಿಸಿ, ಹಿಂದಿನ ಚಕ್ರಗಳನ್ನು ತಿರುಗಿಸುವ ಕ್ರಮವನ್ನು 1891ರ ಹೊತ್ತಿಗೆ ರೂಪಿಸಿದ್ದು ಫ್ರಾನ್ಸಿನ ಪನಾರ್-ಲೆವಾಸೋರ್ ಕಂಪನಿ. ಆಗ ಚಕ್ರ ತಿರುಗಿಸುತ್ತಿದ್ದುದು ಚೈನು. 1898ರಲ್ಲಿ ಲೂಯಿ ರೆನೋ ತನ್ನ ಪುಟ್ಟ ಗಾಡಿಯಲ್ಲಿ ಚೈನು ತೆಗೆದು ಪ್ರೊಪೆಲ್ಲರ್ ಶಾಫ್ಟ್ ಹಾಕಿದ. ಲಿವರಿಗೆ ನಡುಕ ತರುವ ಎರಡು ದಾರಿಗಳು ಇಲ್ಲಿಗೆ ಪೂರ್ಣವಾದವು. ಮುಂದಿನಿಂದ ಎಂಜಿನ್ನಿನ ಬಡಿತ, ಹಿಂದಿನಿಂದ ಶಾಫ್ಟಿನ ಓಲಾಟ.

ಎರಡನ್ನೂ ಲೆಕ್ಕದಲ್ಲಿ ಬೇರ್ಪಡಿಸಬಹುದು. ನಾಲ್ಕು ಸಿಲಿಂಡರಿನ ಎಂಜಿನ್ ಪ್ರತಿ ಸುತ್ತಿಗೆ ಎರಡು ಬಾರಿ ಬಡಿಯುತ್ತದೆ. ನಿಮಿಷಕ್ಕೆ 3,000 ಸುತ್ತಿನಲ್ಲಿ ಅದು ಸೆಕೆಂಡಿಗೆ 100 ಬಡಿತ. ಶಾಫ್ಟಿನ ಕಥೆ ಬೇರೆ. ಅದರ ತುದಿಗಳಲ್ಲಿರುವ ಕ್ರಾಸ್ ಜಾಯಿಂಟ್ 17ನೇ ಶತಮಾನದ ರಾಬರ್ಟ್ ಹುಕ್‌ನ ಕಾಲದಿಂದಲೂ ಒಂದು ಗುಣವನ್ನು ಬಿಟ್ಟಿಲ್ಲ: ಓರೆಯಾಗಿ ನಿಂತಾಗ ಅದು ಸಮವೇಗದಲ್ಲಿ ತಿರುಗುವುದಿಲ್ಲ. 3 ಡಿಗ್ರಿ ಓರೆಯಲ್ಲಿ ಈ ಏರಿಳಿತ ನಗಣ್ಯ. 10 ಡಿಗ್ರಿಯಲ್ಲಿ ಶೇಕಡಾ ಒಂದೂವರೆಯಷ್ಟು ಮೇಲೆ, ಅಷ್ಟೇ ಕೆಳಗೆ. ಏರಿಳಿತ ಸುತ್ತಿಗೆ ಎರಡು ಬಾರಿ. ಚಕ್ರದ ಸುತ್ತಳತೆ 1.9 ಮೀಟರ್, ಹಿಂದಿನ ಹೌಸಿಂಗಿನ ಅನುಪಾತ 4.1 ಎಂದು ಇಟ್ಟುಕೊಂಡರೆ, ಗಂಟೆಗೆ 100 ಕಿ.ಮೀ. ವೇಗದಲ್ಲಿ ಶಾಫ್ಟ್ ಸೆಕೆಂಡಿಗೆ 60 ಸುತ್ತು ತಿರುಗುತ್ತದೆ. ತೂಕ ಸರಿಯಿಲ್ಲದ ಶಾಫ್ಟ್ 60ರ ನಡುಕ ಕೊಟ್ಟರೆ, ಓರೆಯಾದ ಜಾಯಿಂಟು 120ರ ನಡುಕ ಕೊಡುತ್ತದೆ.

ಮೇಲುಕೋಟೆ ಬೆಟ್ಟದ ರಸ್ತೆ ಈ ಭೇದವನ್ನು ತೋರಿಸಲು ಒಳ್ಳೆಯ ಪ್ರಯೋಗಶಾಲೆ. ಏರಿನಲ್ಲಿ ಆಕ್ಸಿಲೇಟರ್ ಒತ್ತಿದಾಗ ಮಾತ್ರ ಲಿವರ್ ನಡುಗಿ, ಕಾಲು ತೆಗೆದೊಡನೆ ನಿಂತರೆ ಎಂಜಿನ್ ಮೌಂಟಿಂಗಿನ ರಬ್ಬರನ್ನೋ ಹಿಂದಿನ ಪಿನಿಯನ್ನಿನ ಓರೆಯನ್ನೋ ನೋಡಬೇಕು. ಮಟ್ಟದ ರಸ್ತೆಯಲ್ಲಿ, ನಡುಕ ಬರುವ ವೇಗದಲ್ಲೇ ಕ್ಲಚ್ ಒತ್ತಿ ನ್ಯೂಟ್ರಲ್ ಮಾಡಿದ ಮೇಲೂ ಅದು ಉಳಿದರೆ ಎಂಜಿನ್ ನಿರಪರಾಧಿ; ಕ್ರಾಸ್, ಸೆಂಟರ್ ಬೇರಿಂಗ್, ಟೈರುಗಳ ಕಡೆ ಹೋಗಬೇಕು. ನಿಂತಲ್ಲೇ ನ್ಯೂಟ್ರಲ್‌ನಲ್ಲಿ ಕೇಳಿಸುವ ಕಟಕಟ ಸದ್ದು ಕ್ಲಚ್ ಒತ್ತಿದೊಡನೆ ನಿಂತರೆ, ಅದು ಭಾರವಿಲ್ಲದ ಗೇರಿನ ಹಲ್ಲುಗಳು ಒಂದಕ್ಕೊಂದು ಬಡಿದುಕೊಳ್ಳುವ ಸದ್ದು. ಒಳ್ಳೆಯ ಮೆಕ್ಯಾನಿಕ್ ಇಷ್ಟನ್ನು ಉಪಕರಣವಿಲ್ಲದೆ, ಲಿವರಿನ ಮೇಲೆ ಅಂಗೈ ಇಟ್ಟೇ ಹೇಳುತ್ತಾನೆ. ಎಂಜಿನಿಯರಿಂಗ್ ಪ್ರಯೋಗಾಲಯದ ವಿಶ್ಲೇಷಣೆಯೂ ತತ್ತ್ವದಲ್ಲಿ ಇದನ್ನೇ ಮಾಡುತ್ತದೆ.

ನಡುಕವನ್ನು ಪಳಗಿಸುವ ಯತ್ನಗಳಲ್ಲಿ ಎರಡು ಮುಖ್ಯ. 1910ರ ಸುಮಾರಿಗೆ ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಕ್ರ್ಯಾಂಕ್ ಶಾಫ್ಟಿನ ತಿರುಚು ಕಂಪನವನ್ನು ತಗ್ಗಿಸುವ ಡ್ಯಾಂಪರ್ ರೂಪಿಸಿದ. 1931ರಲ್ಲಿ ಅಮೆರಿಕದ ಪ್ಲಿಮತ್ ಕಾರಿನ ಎಂಜಿನ್ನನ್ನು ರಬ್ಬರಿನ ಮೇಲೆ ತೂಗುವಂತೆ ಕೂರಿಸಲಾಯಿತು. ಎರಡನೆಯದರ ಪರಿಣಾಮ ವಿಚಿತ್ರ. ಎಂಜಿನ್ ರಬ್ಬರಿನ ಮೇಲೆ ಓಲಾಡಿದಾಗ ಕಾರಿನ ಮೈ ಶಾಂತವಾಯಿತು. ಗೇರ್‌ಬಾಕ್ಸಿನ ನೆತ್ತಿಯಿಂದ ನೇರ ಮೇಲೆದ್ದ ಲಿವರ್ ಮಾತ್ರ ಎಂಜಿನ್ನಿನ ಜೊತೆಯಲ್ಲೇ ಕುಣಿಯಿತು. ಅದಕ್ಕೆ ಮೊದಲು ಇಡೀ ಗಾಡಿಯೇ ನಡುಗುತ್ತಿದ್ದಾಗ ಲಿವರಿನ ನಡುಕ ಯಾರಿಗೂ ದೋಷವಾಗಿ ಕಂಡಿರಲಾರದು. ಉಳಿದದ್ದು ಸುಮ್ಮನಾದ ಮೇಲೆಯೇ ಇದು ದೂರಿನ ವಿಷಯವಾಯಿತು ಎಂದು ನನ್ನ ಅಭಿಪ್ರಾಯ.

ಅಮೆರಿಕದಲ್ಲಿ 1930ರ ದಶಕದ ಕೊನೆಗೆ ಲಿವರನ್ನು ಸ್ಟೇರಿಂಗಿನ ಕಂಬಕ್ಕೆ ಏರಿಸಿದ್ದು ಮುಂದಿನ ಸೀಟಿನಲ್ಲಿ ಮೂವರು ಕೂರಲಿ ಎಂದು. ಆ ಪದ್ಧತಿ ಅಂಬಾಸಿಡರ್ ಮತ್ತು ಪದ್ಮಿನಿಯ ಮೂಲಕ ನಮ್ಮ ರಸ್ತೆಗಳಿಗೂ ಬಂತು. ಸ್ಟೇರಿಂಗ್ ಗೇರಿನಲ್ಲಿ ಲಿವರಿಗೂ ಗೇರ್‌ಬಾಕ್ಸಿಗೂ ನಡುವೆ ರಾಡು, ಬುಷ್, ಪಿನ್ನುಗಳ ಉದ್ದ ಸರಪಳಿ. ಬುಷ್ ಸವೆದ ಹಾಗೆ ನಡುಕದ ಜಾಗಕ್ಕೆ ಗಡಗಡ ಸದ್ದು ಬಂತು. ಗೇರು ಎಲ್ಲಿ ಬಿತ್ತೆಂದು ಕೈಗೆ ತಿಳಿಯುವುದು ಕಡಿಮೆಯಾಯಿತು. ಮುಂದೆ ಐಸುಜು ಎಂಜಿನ್ನಿನ ಅಂಬಾಸಿಡರ್ ಬಂದಾಗ ಲಿವರ್ ಮತ್ತೆ ನೆಲಕ್ಕಿಳಿಯಿತು.

ನಮ್ಮ ರಾಜ್ಯದಲ್ಲೇ ತಯಾರಾದ ಒಂದು ಕಾರು ಈ ಚರ್ಚೆಗೆ ತೀರಾ ಹತ್ತಿರದ್ದು. ಬೆಂಗಳೂರಿನ ಸಿಪಾನಿ ಕಂಪನಿ ಬ್ರಿಟನ್ನಿನ ರಿಲಯಂಟ್ ಕಿಟನ್ ಮಾದರಿಯ ಮೇಲೆ 1982ರಲ್ಲಿ ಹೊರತಂದ ಡಾಲ್ಫಿನ್ ಅದು. 848 ಸಿಸಿಯ ಅಲ್ಯುಮಿನಿಯಂ ಎಂಜಿನ್, ಫೈಬರ್ ಗ್ಲಾಸ್ ಮೈ, ನೆಲದಿಂದೆದ್ದ ಲಿವರ್, ಹಿಂದಿನ ಚಕ್ರಗಳ ಚಾಲನೆ. ಮನೆಬಳಕೆಗೆಂದು ಮಾಡಿದ್ದರೂ ಹಗುರ ಮೈಯಿಂದಾಗಿ ಅದು ರ‍್ಯಾಲಿ ಓಡಿಸುವವರ ಕೈ ಸೇರಿತು. ಹಗುರ ಕಾರಿನ ಬೆಲೆಯೇ ನಡುಕ: ಕಂಪನವನ್ನು ನುಂಗಿಕೊಳ್ಳುವ ತೂಕ ಅದರಲ್ಲಿರುವುದಿಲ್ಲ. ಮರುವರ್ಷದ ಕೊನೆಗೆ ಮಾರುತಿ 800 ಬಂತು. ಅದರ ಎಂಜಿನ್ ಅಡ್ಡಲಾಗಿ, ಚಾಲನೆ ಮುಂದಿನ ಚಕ್ರಗಳಿಗೆ. ಉದ್ದದ ಶಾಫ್ಟೇ ಇಲ್ಲ. ಹಿಂಚಾಲನೆಯ ಪುಟ್ಟ ಕಾರಿನ ಕಾಲ ಇಲ್ಲಿ ಹೆಚ್ಚುಕಡಿಮೆ ಅಲ್ಲಿಗೆ ಮುಗಿಯಿತು.

ಬಸ್ಸು, ಜೀಪುಗಳಲ್ಲಿ ಮುಗಿಯಲಿಲ್ಲ. ಜೀಪಿನಲ್ಲಿ ಲಿವರ್ ಗೇರ್‌ಬಾಕ್ಸಿನ ಮುಚ್ಚಳದಿಂದಲೇ ಹುಟ್ಟುತ್ತಿತ್ತು. ಪಕ್ಕದಲ್ಲಿ ನಾಲ್ಕು ಚಕ್ರದ ಚಾಲನೆಯ ಸಣ್ಣ ಲಿವರುಗಳು. 2023ರಲ್ಲಿ ಮಹೀಂದ್ರ ಥಾರ್‌ನ ಹಿಂಚಾಲನೆಯ ಡೀಸೆಲ್ ಮಾದರಿ ಮ್ಯಾನುಯಲ್ ಗೇರಿನಲ್ಲೇ ಬಂದು ಈ ವಂಶವನ್ನು ಮುಂದುವರಿಸಿದೆ. ಹಳೆಯ ಬಸ್ಸುಗಳ ಉದ್ದ ಲಿವರಿನ ಕುಣಿತವನ್ನು ಮುಂದಿನ ಸೀಟಿನಲ್ಲಿ ಕೂತ ಯಾರೂ ಮರೆತಿರಲಾರರು. ಅದಕ್ಕೆ ಹೆಣೆದ ಪ್ಲಾಸ್ಟಿಕ್ ವೈರಿನ ಹೊದಿಕೆ ಅಲಂಕಾರವಷ್ಟೇ ಅಲ್ಲ, ಅಂಗೈಗೆ ರಕ್ಷಣೆಯೂ ಹೌದು.

ಇನ್ನು ಟ್ರ್ಯಾಕ್ಟರು. ಕಬ್ಬಿನ ಹಂಗಾಮಿನಲ್ಲಿ ಈ ರಸ್ತೆಗಳನ್ನು ಆಳುವುದು ಅದೇ. 1917ರ ಫೋರ್ಡ್‌ಸನ್ ಹೆಸರುವಾಸಿ ಮಾಡಿದ ಕ್ರಮದಲ್ಲಿ ಚಾಸಿಸ್ಸೇ ಇಲ್ಲ: ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಹೌಸಿಂಗ್ ಒಂದಕ್ಕೊಂದು ಬೋಲ್ಟಾಗಿ ಅದೇ ಬೆನ್ನೆಲುಬಾಗುತ್ತದೆ. ತೂಗಾಡುವ ಶಾಫ್ಟಿಲ್ಲ, ಓರೆಯ ಜಾಯಿಂಟಿಲ್ಲ. ಆದ್ದರಿಂದ ಅಂಥ ಶಾಫ್ಟಿನ ಓಲಾಟದ ನಡುಕ ಟ್ರ್ಯಾಕ್ಟರಿನಲ್ಲಿಲ್ಲ. ಆದರೆ ನಡುವೆ ರಬ್ಬರಿಲ್ಲದ್ದರಿಂದ ಡೀಸೆಲ್ಲಿನ ಬಡಿತ ಪೂರ್ತಿಯಾಗಿ ಕೈಗೆ ಬರುತ್ತದೆ. 1989ರ ಮಾಜ್ದಾ ಎಂಎಕ್ಸ್-5 ಕಾರನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅದರ ಗೇರ್‌ಬಾಕ್ಸಿನ ಬಾಲವನ್ನೂ ಡಿಫರೆನ್ಷಿಯಲ್ಲನ್ನೂ ಅಲ್ಯುಮಿನಿಯಂ ತೊಲೆಯೊಂದು ಬಿಗಿಯಾಗಿ ಹಿಡಿದಿದೆ. ಎಂಜಿನ್ನಿನಿಂದ ಡಿಫರೆನ್ಷಿಯಲ್‌ವರೆಗೆ ಒಂದೇ ಘಟಕ. ಶಾಫ್ಟಿನ ಓರೆ ಬದಲಾಗುವುದಿಲ್ಲ. ಮೋಟು ಲಿವರ್ ಗೇರ್‌ಬಾಕ್ಸಿನ ನೆತ್ತಿಯಲ್ಲೇ ಕೂತಿದೆ. ಒಂದರಿಂದ ಇನ್ನೊಂದು ಹುಟ್ಟಿತೆಂದು ಹೇಳುತ್ತಿಲ್ಲ. ಒಂದೇ ಸಮಸ್ಯೆಗೆ ಹೊಲದಲ್ಲೂ ಸ್ಪೋರ್ಟ್ಸ್ ಕಾರಿನಲ್ಲೂ ಒಂದೇ ಜಾತಿಯ ಉತ್ತರ ಸಿಕ್ಕಿದೆ ಎನ್ನುತ್ತಿದ್ದೇನೆ. 2023ರ ಆಗಸ್ಟಿನಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ಟ್ರ್ಯಾಕ್ಟರಿಗೆ ಪ್ರವೇಶವಿಲ್ಲ. ಈ ದೂರದ ನೆಂಟರಿಬ್ಬರು ಈಗ ಬೇರೆ ಬೇರೆ ದಾರಿಯಲ್ಲಿ ಹೋಗಬೇಕು.

ಬೇರೆ ಉತ್ತರಗಳೂ ಇದ್ದವು. 1972ರ ಆಲ್ಫಾ ರೋಮಿಯೋ ಆಲ್ಫೆಟ್ಟಾ ಗೇರ್‌ಬಾಕ್ಸನ್ನೇ ಹಿಂದಕ್ಕೊಯ್ದು, ರಬ್ಬರ್ ಕಪ್ಲಿಂಗುಗಳ ಶಾಫ್ಟನ್ನು ಎಂಜಿನ್ನಿನ ವೇಗದಲ್ಲೇ ತಿರುಗಿಸಿತು. ರಬ್ಬರು ಬಿರಿದರೆ ಇಡೀ ಕಾರಿಗೆ ಗೊತ್ತಾಗುತ್ತಿತ್ತು. 1985ರಲ್ಲಿ ಜರ್ಮನಿಯ ಲುಕ್ ಕಂಪನಿ ಎರಡು ತುಂಡಿನ ಫ್ಲೈವೀಲನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿ, ಎಂಜಿನ್ನಿನ ಬಡಿತವನ್ನು ಗೇರ್‌ಬಾಕ್ಸಿಗೆ ಮೊದಲೇ ತಡೆಯಿತು. ಇಷ್ಟೆಲ್ಲ ಪಳಗಿಸಿದ ನಡುಕವನ್ನು ಸ್ಪೋರ್ಟ್ಸ್ ಕಾರಿನ ಮಾಲೀಕರೇ ಹಣ ಕೊಟ್ಟು ಮರಳಿ ತರಿಸಿಕೊಳ್ಳುತ್ತಾರೆ: ಹಗುರ ಫ್ಲೈವೀಲು, ಗಟ್ಟಿ ಮೌಂಟಿಂಗು, ರಬ್ಬರಿಲ್ಲದ ಮೋಟು ಲಿವರು. ಆಮೇಲೆ ಭಾರದ ಲೋಹದ ಹಿಡಿ ಹಾಕಿ ಅದನ್ನು ತಗ್ಗಿಸಲು ನೋಡುತ್ತಾರೆ. ಅವರಿಗದು ಆಯ್ಕೆ, ಬಸ್ಸಿನ, ಟ್ರ್ಯಾಕ್ಟರಿನ ಚಾಲಕನಿಗೆ ಆಯ್ಕೆ ಇರಲಿಲ್ಲ.

ಕೈಗೆ ತಾಗುವ ಕಂಪನವನ್ನು ಆರೋಗ್ಯದ ಪ್ರಶ್ನೆಯಾಗಿ ನೋಡಿ, 2002ರಲ್ಲಿ ಯುರೋಪಿನ ಒಕ್ಕೂಟ ದಿನಕ್ಕೆ ಎಂಟು ಗಂಟೆಯ ಲೆಕ್ಕದಲ್ಲಿ ಮಿತಿ ಹಾಕಿತು: 2.5 ಮೀಟರ್ ಪ್ರತಿ ಸೆಕೆಂಡ್ ವರ್ಗ ದಾಟಿದರೆ ಮಾಲೀಕರು ಕ್ರಮ ಕೈಗೊಳ್ಳಬೇಕು, 5 ದಾಟಬಾರದು. ಇಂಥ ಅಳತೆ ಇಲ್ಲೂ ಸಾಧ್ಯ. ಕೆ.ಆರ್. ಪೇಟೆಯಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ. ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲೂ ಎಂಜಿನಿಯರಿಂಗ್ ಕಾಲೇಜೊಂದಿದೆ. ಸಣ್ಣ ಕಂಪನಮಾಪಕ ಹಿಡಿದು ಕಬ್ಬಿನ ಟ್ರ್ಯಾಕ್ಟರು, ಹಳೆಯ ಬಸ್ಸು, ಜೀಪುಗಳ ಲಿವರುಗಳನ್ನು ವಿದ್ಯಾರ್ಥಿಗಳು ಅಳೆಯಲಿ. ಅಂಗೈಯಿಂದಲೇ ರೋಗ ಹೇಳುವ ಹಿರಿಯ ಮೆಕ್ಯಾನಿಕ್ಕರ ಮಾತನ್ನು, ಅವರು ಗ್ಯಾರೇಜು ಮುಚ್ಚುವ ಮುನ್ನ, ಬರೆದಿಟ್ಟುಕೊಳ್ಳಲಿ.