ಕಂಬಳಿಕೊಪ್ಪೆಯ ಬಾಳಿಕೆ

ಹಿಂದಿನ ಕಂಬಳಿ ಮಗನ ಕಾಲಕ್ಕೂ ಬರುತ್ತಿದ್ದಿತು, ಈಗಿನದು ಎರಡು ಮಳೆಗಾಲ ತಡೆಯುವುದಿಲ್ಲ ಎಂಬ ಮಾತನ್ನು ನಮ್ಮ ಗೊರೂರಿನ ಸುತ್ತಮುತ್ತ ವೃದ್ಧರು ಆಡುವುದುಂಟು. ಇದರಲ್ಲಿ ನಿಜವೆಷ್ಟು, ಹಳೆಯದರ ಮೇಲಣ ಮೋಹವೆಷ್ಟು ಎಂಬುದನ್ನು ಪರಾಮರ್ಶಿಸುವುದು ಅನುಚಿತವಾಗಲಾರದು.

ಪಡುವಣ ಮಲೆಗಳಿಂದ ಆಷಾಢದ ಜಡಿಮಳೆ ಇಳಿದು ಬರುವಾಗ ಹೇಮಾವತಿಯ ದಡದ ಗದ್ದೆಗಳಲ್ಲಿ ಕೆಲಸ ಮಾಡುವವರಿಗೆ ಕಂಬಳಿಯ ಕೊಪ್ಪೆಯೇ ಛತ್ರಿಯೂ ಟೋಪಿಯೂ ಆಗಿದ್ದಿತು. ಕಂಬಳಿಯ ಮೂಲೆಯನ್ನು ಒಳಕ್ಕೆ ಮಡಿಸಿ ತಲೆಗೇರಿಸಿದರೆ ಬೆನ್ನೂ ನೆನೆಯದು, ಎರಡು ಕೈಗಳೂ ಕೆಲಸಕ್ಕೆ ಒದಗುವುವು. ಈಗ ಆ ಸ್ಥಾನವನ್ನು ಬಹುಮಟ್ಟಿಗೆ ಪ್ಲಾಸ್ಟಿಕ್ ಹಾಳೆ ಆಕ್ರಮಿಸಿದೆ.

ಕಂಬಳಿಯು ಅತಿ ಪುರಾತನವಾದ ವಸ್ತು. ಪಾಣಿನಿಯು ಅಷ್ಟಾಧ್ಯಾಯಿಯ ಐದನೆಯ ಅಧ್ಯಾಯದಲ್ಲಿ ಕಂಬಲಶಬ್ದದಿಂದ ‘ಕಂಬಲ್ಯ’ವೆಂಬ ಸಂಜ್ಞೆಯನ್ನು ಸಾಧಿಸಿರುವನು, ಅದು ನೂರು ಪಲ ತೂಕದ ಉಣ್ಣೆಯ ಹೆಸರೆಂದು ವ್ಯಾಖ್ಯಾನಕಾರರ ಮತ. ಕಂಬಳಿಗೆ ಇಷ್ಟು ಉಣ್ಣೆ ಬೇಕೆಂಬುದು ಅಷ್ಟು ಹಿಂದೆಯೇ ಲೋಕರೂಢಿಯಾಗಿದ್ದಿತೆಂದಾಯಿತು. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿದ್ದ ಓಲೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಎಂಟು ತುಂಡುಗಳನ್ನು ಕೂಡಿಸಿದ, ಮಳೆಯನ್ನು ತಡೆಯತಕ್ಕ ನೇಪಾಳದ ಕರಿಯ ಕಂಬಳಿಯ ಪ್ರಸ್ತಾಪವಿದೆ. ಉತ್ತಮವಾದ ಉಣ್ಣೆಯ ವಸ್ತ್ರವು ನುಣುಪಾಗಿ, ಒದ್ದೆಯಾಗಿರುವಂತೆ ತೋರಬೇಕೆಂದೂ ಅಲ್ಲಿ ಹೇಳಿದೆ. ಆ ಒದ್ದೆತನವು ಉಣ್ಣೆಯ ಸಹಜವಾದ ಜಿಡ್ಡೇ ಇರಬೇಕೆಂದು ನನ್ನ ಊಹೆ. ನೀರು ಜಾರಿಹೋಗುವುದು ಆ ಜಿಡ್ಡಿನಿಂದಲೇ ಅಲ್ಲವೆ?

ನಮ್ಮ ಕುರುಬರು ದಖ್ಖನಿ ಕುರಿಯ ಒರಟು ತುಪ್ಪಟವನ್ನು ವರ್ಷಕ್ಕೆ ಎರಡಾವರ್ತಿ ಕತ್ತರಿಸಿ, ಬಿಲ್ಲಿನಿಂದ ಹಿಂಜಿ, ಹೆಂಗಸರು ನೂತ ಎಳೆಗೆ ಹುಣಿಸೆಬೀಜದ ಸರಿಯನ್ನು ಬಳಿದು, ಕುಳಿಮಗ್ಗದಲ್ಲಿ ನೇಯುತ್ತಿದ್ದರು. ಉಣ್ಣೆಯ ಎಳೆಯ ಮೈಮೇಲೆ ಮೀನಿನ ಹುರುಪೆಯಂತಹ ಸೂಕ್ಷ್ಮವಾದ ಪದರಗಳಿರುವುವು. ಶಾಖ, ತೇವ, ತುಳಿತ ಮೂರೂ ಸೇರಿದಲ್ಲಿ ಆ ಪದರಗಳು ಒಂದನ್ನೊಂದು ಕಚ್ಚಿಕೊಂಡು ಬಟ್ಟೆಯು ಬಿಗಿಯುತ್ತದೆ. ಯೂರೋಪಿನವರ ಫೆಲ್ಟ್ ಟೋಪಿಯಲ್ಲಿ ನೇಯ್ಗೆಯೇ ಇಲ್ಲ, ಈ ಕಚ್ಚಿಕೊಳ್ಳುವಿಕೆಯೊಂದೇ ಅದರ ಆಧಾರ. ಅವರಲ್ಲಿಯೂ ಇದೇ ವ್ಯಾಜ್ಯವುಂಟು: ಬೀವರ್ ಎಂಬ ಪ್ರಾಣಿಯ ತುಪ್ಪುಳಿನ ಹಳೆಯ ಟೋಪಿ ಮಳೆಗೆ ಅಳುಕದು, ಕುರಿಯುಣ್ಣೆಯ ಅಗ್ಗದ ಹೊಸ ಟೋಪಿ ಬಹುಬೇಗ ಆಕಾರಗೆಡುವುದು. ಆದರೆ ಹಳೆಯ ಟೋಪಿಗಳಿಗೆಲ್ಲ ಬೀವರೇ ಸಿಕ್ಕುತ್ತಿರಲಿಲ್ಲ. ಮೊಲದ ತುಪ್ಪುಳನ್ನು ಕಚ್ಚಿಕೊಳ್ಳುವಂತೆ ಮಾಡಲು ಪಾದರಸದ ದ್ರಾವಣವನ್ನು ಸವರುತ್ತಿದ್ದರು. ಅದರ ಹಬೆಯನ್ನು ಸೇವಿಸಿದ ಕೆಲಸಗಾರರಿಗೆ ಕೈಕಾಲು ನಡುಕವೂ ಚಿತ್ತವಿಕಾರವೂ ಉಂಟಾಗುತ್ತಿದ್ದುವು. ಅಮೆರಿಕದಲ್ಲಿ ಈ ಪದ್ಧತಿ ನಿಂತದ್ದು 1941ರಲ್ಲಿ. ಟೋಪಿಯ ಬಾಳಿಕೆಯನ್ನು ಹೊಗಳುವಾಗ ಆ ಬಡವರ ಬಾಳನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಇನ್ನು ಹೊಸ ಕಂಬಳಿ. ಈಗ ಪೇಟೆಯಲ್ಲಿ ಅಗ್ಗವಾಗಿ ದೊರೆಯುವ ಅನೇಕ ಕಂಬಳಿಗಳು ಹೊಸ ಉಣ್ಣೆಯವಲ್ಲ. ಹರಕು ಉಣ್ಣೆಬಟ್ಟೆಗಳನ್ನು ಯಂತ್ರದಲ್ಲಿ ಸೀಳಿ ಮತ್ತೆ ನೂತವು. ಈ ವಿದ್ಯೆ ಇಂಗ್ಲೆಂಡಿನ ಬ್ಯಾಟ್ಲಿಯಲ್ಲಿ 1813ರಲ್ಲಿ ಹುಟ್ಟಿತು. ನಮ್ಮ ದೇಶದಲ್ಲಿ ಪಾಣಿಪತ್ತು ಅದಕ್ಕೆ ಹೆಸರಾಗಿದೆ. ಸೀಳುವಾಗ ಎಳೆಯು ತುಂಡಾಗುವುದು, ಜಿಡ್ಡಂತೂ ಎಂದೋ ತೊಳೆದುಹೋಗಿರುವುದು. ಕೃತಕ ನೂಲೂ ಬೆರೆಯುವುದುಂಟು. ಕೃತಕ ನೂಲಿಗೆ ಹುರುಪೆಯಿಲ್ಲ, ಆದುದರಿಂದ ಕಚ್ಚುವ ಗುಣವೂ ಇಲ್ಲ. ಇಂತಹುದು ಮೈಗೆ ಮೆತ್ತಗಿದ್ದೀತು, ಬಡವನ ಚಳಿಯನ್ನೂ ಅಗ್ಗದಲ್ಲಿ ನೀಗೀತು, ಮಳೆಗೆ ಕೊಪ್ಪೆಯಾಗಲಾರದು. ಆದರೂ ಚಳ್ಳಕೆರೆಯ ಕಡೆಯ ಕೈಮಗ್ಗದ ಕಂಬಳಿಯೂ ಈಗಿನದೇ. ಹೊಸದೆಂಬ ಒಂದೇ ಕಾರಣದಿಂದ ಅದನ್ನು ಜರೆಯುವುದು ಸರಿಯಲ್ಲ. ಕೊಳ್ಳುವವರು ಬಣ್ಣ ನೋಡುವ ಬದಲು ಪಾಣಿನಿಯ ಕಾಲದವರಂತೆ ತೂಕವನ್ನು ನೋಡಿ, ಅಂಚಿನ ಒಂದು ಎಳೆಯನ್ನು ಬಿಚ್ಚಿ ಎಳೆದು ಪರೀಕ್ಷಿಸಬಹುದು.

ವೃದ್ಧರ ಮಾತಿನಲ್ಲಿ ಇನ್ನೊಂದು ದೋಷವಿದೆ. ಹಿಂದಿನ ಕಾಲದ ಕಳಪೆ ಕಂಬಳಿಗಳು ನುಸಿಗೂ ಮಣ್ಣಿಗೂ ಈಡಾಗಿ ಹೋದುವು. ಉಳಿದ ಕೆಲವನ್ನು ನೋಡಿ ಎಲ್ಲವೂ ಹಾಗೆಯೇ ಇದ್ದುವೆಂದು ನಾವು ತಿಳಿಯುತ್ತೇವೆ. ನಮ್ಮ ತಾತನವರ ಕರಿಯ ಕಂಬಳಿಯೊಂದು ಇಂದಿಗೂ ಗಟ್ಟಿಯಾಗಿದೆ. ಅದನ್ನು ಜಪಕ್ಕೆ ಹಾಸುತ್ತಿದ್ದರೇ ಹೊರತು ಮಳೆಗೆ ಒಡ್ಡಿದವರಿಲ್ಲ. ಅದೇ ಕಾಲದಲ್ಲಿ ನಮ್ಮ ಗದ್ದೆಯಲ್ಲಿ ದುಡಿದವರ ಕೊಪ್ಪೆಗಳಲ್ಲಿ ಒಂದೂ ಉಳಿದಿಲ್ಲ.