ಕೈಗಾ ಅಣು ವಿದ್ಯುತ್ ಸ್ಥಾವರ ಮತ್ತು ಕಾಳೀ ಕಣಿವೆಯ ಜನರ ಪ್ರಶ್ನೆ

ಹೊಸ ಯೋಜನೆಗಳ ವಿಷಯದಲ್ಲಿ ಜನರಿಗುಂಟಾಗುವ ಆತಂಕವನ್ನು ಅಜ್ಞಾನದ ಫಲವೆಂದು ಬಗೆಯುವ ರೂಢಿ ಹಳೆಯದು. ಈ ಅಭಿಪ್ರಾಯವು ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಕೈಗಾ ಸ್ಥಾವರದ ಚರಿತ್ರೆಯಿಂದ ವಿಚಾರಿಸಬಹುದಾಗಿದೆ.

ಉತ್ತರ ಕನ್ನಡ ಜಿಲ್ಲೆಯಲ್ಲಿ, ಕಾಳೀನದಿಯ ದಡದ ಅರಣ್ಯಪ್ರದೇಶದಲ್ಲಿರುವ ಕೈಗಾದಲ್ಲಿ, ತಲಾ 220 ಮೆಗಾವಾಟ್ ಸಾಮರ್ಥ್ಯದ ಎರಡು ಘಟಕಗಳ ನಿರ್ಮಾಣವು 1989ರಲ್ಲಿ ಆರಂಭವಾಯಿತು. 1986ರಲ್ಲಿ ಚೆರ್ನೋಬಿಲ್ ದುರಂತ ನಡೆದುಹೋಗಿದ್ದಿತು. ಸೂಪಾ ಅಣೆಕಟ್ಟಿನ ನೀರಿನಲ್ಲಿ ಊರುಗಳು ಮುಳುಗಿದುದನ್ನು ಕಣಿವೆಯ ಜನರು ಕಣ್ಣಾರೆ ಕಂಡಿದ್ದರು. ಹೀಗೆ ದೂರದ ವಾರ್ತೆಯೂ ಹತ್ತಿರದ ಅನುಭವವೂ ಸೇರಿ ಅವರ ಭೀತಿಗೆ ಕಾರಣವಾದುವು. 1989ರ ಲೋಕಸಭಾ ಚುನಾವಣೆಯಲ್ಲಿ, ತಮ್ಮ 87ನೆಯ ವಯಸ್ಸಿನಲ್ಲಿ, ಶಿವರಾಮ ಕಾರಂತರು ಈ ವಿರೋಧದ ಪರವಾಗಿ ಸ್ಪರ್ಧಿಸಿ ಪರಾಭವ ಹೊಂದಿದರು.

ವಿರೋಧದಲ್ಲಿ ಎರಡು ಅಂಶಗಳಿದ್ದುವು. ಮೊದಲನೆಯದು, ವಿಕಿರಣವು ಸೋರಿ ನದಿ, ಕಾಡು, ಜನರ ಆರೋಗ್ಯ ಕೆಡಬಹುದೆಂಬ ಭಯ. ಎರಡನೆಯದು, ಕಟ್ಟುವವರನ್ನು ಪರೀಕ್ಷಿಸುವವರು ಯಾರೆಂಬ ಪ್ರಶ್ನೆ. ಏಕೆಂದರೆ, 1983ರಲ್ಲಿ ಸ್ಥಾಪಿತವಾದ ಅಣುಶಕ್ತಿ ನಿಯಂತ್ರಣ ಮಂಡಳಿಯು ಆಗ ಅಣುಶಕ್ತಿ ಆಯೋಗಕ್ಕೇ ಉತ್ತರಿಸತಕ್ಕ ಸಂಸ್ಥೆಯಾಗಿದ್ದಿತು.

1994ರ ಮೇ 13ರಂದು, ನಿರ್ಮಾಣದ ಹಂತದಲ್ಲಿದ್ದ ಒಂದನೆಯ ಘಟಕದ ಒಳಗುಮ್ಮಟದ ಕಾಂಕ್ರೀಟು ಪದರವಾಗಿ ಕಳಚಿ ಬಿದ್ದಿತು. ಅಪಘಾತವಾದರೆ ವಿಕಿರಣವನ್ನು ಹೊರಬಿಡದೆ ತಡೆಯತಕ್ಕ ಗುಮ್ಮಟವೇ ಅದು. ಇಂಧನವನ್ನು ಇನ್ನೂ ತುಂಬದಿದ್ದ ಕಾರಣ ವಿಕಿರಣದ ಅಪಾಯ ಒದಗಲಿಲ್ಲ. ವಿನ್ಯಾಸವನ್ನು ತಿದ್ದಿ ಗುಮ್ಮಟವನ್ನು ಮತ್ತೆ ಕಟ್ಟಲಾಯಿತು; 2000ದಲ್ಲಿ ಎರಡು ಘಟಕಗಳೂ ವಾಣಿಜ್ಯ ಉತ್ಪಾದನೆಗೆ ತೊಡಗಿದುವು.

ಇನ್ನೊಂದು ಪಕ್ಷವನ್ನೂ ಹೇಳತಕ್ಕದ್ದು ನ್ಯಾಯ. ಚೆರ್ನೋಬಿಲ್ಲಿನಂಥ ದುರಂತ ಕೈಗಾದಲ್ಲಿ ಸಂಭವಿಸಿಲ್ಲ. 2018ರ ಡಿಸೆಂಬರಿನಲ್ಲಿ ಒಂದನೆಯ ಘಟಕವು ಸತತವಾಗಿ 962 ದಿನ ನಡೆದು ವಿಶ್ವದಾಖಲೆಯನ್ನು ಸ್ಥಾಪಿಸಿತು. ಅದೇ ತಿಂಗಳಿನಲ್ಲಿ, ತಲಾ 700 ಮೆಗಾವಾಟ್‌ನ ಇನ್ನೆರಡು ಘಟಕಗಳ ವಿಷಯವಾಗಿ ನಡೆದ ಸಾರ್ವಜನಿಕ ವಿಚಾರಣೆಯಲ್ಲಿ ಸುತ್ತಲಿನ ಜನರು ಮತ್ತೆ ಆಕ್ಷೇಪಗಳನ್ನು ಮುಂದಿಟ್ಟರು. 2019ರಲ್ಲಿ ಆ ಘಟಕಗಳಿಗೆ ಪರಿಸರ ಅನುಮತಿ ದೊರೆಯಿತು.

ಇವೆರಡೂ ಒಂದೇ ತಿಂಗಳಿನಲ್ಲಿ ನಡೆದುದು ಆಕಸ್ಮಿಕವಾದರೂ ವಿಚಾರಾರ್ಹವಾಗಿದೆ. 962 ದಿನಗಳ ದಾಖಲೆಯು ಯಂತ್ರದ ದಾರ್ಢ್ಯಕ್ಕೆ ಪ್ರಮಾಣವೇ ಹೊರತು, ಪರೀಕ್ಷಕರು ಸ್ವತಂತ್ರರೇ ಎಂಬ ಪ್ರಶ್ನೆಗೆ ಉತ್ತರವಲ್ಲ. ವಿರೋಧಿಗಳು ಗುಮ್ಮಟದ ಕುಸಿತವನ್ನು ಮುಂಗಂಡಿದ್ದರೆಂದು ಹೇಳುವಂತಿಲ್ಲ. ಆದರೆ ಸ್ವತಂತ್ರ ಪರೀಕ್ಷೆ ಬೇಕೆಂಬ ಅವರ ಬೇಡಿಕೆ ನಿರಾಧಾರವಾಗಿರಲಿಲ್ಲವೆಂಬುದು ಆ ಘಟನೆಯಿಂದ ವ್ಯಕ್ತವಾಗುತ್ತದೆ. ಜನರ ಭಯವನ್ನೂ ಬೇಡಿಕೆಯನ್ನೂ ಬೇರ್ಪಡಿಸಿ ತೂಗಿದಲ್ಲದೆ ಈ ಚರಿತ್ರೆಯ ವಿಷಯದಲ್ಲಿ ಸಮಂಜಸವಾದ ತೀರ್ಮಾನಕ್ಕೆ ಬರಲಾಗದು.