ಮಂಗನ ಕಾಯಿಲೆಯಲ್ಲಿ ಮಂಗ ಎಲ್ಲಿದೆ?

ಎರಡು ವರ್ಷದ ಹಿಂದೆ ಅಮ್ಮನ ಎದೆಯಲ್ಲೊಂದು ಗಂಟು ಕೈಗೆ ಸಿಕ್ಕಿತು. ಶಿವಮೊಗ್ಗದ ಆಸ್ಪತ್ರೆಯೊಂದರಲ್ಲಿ ಸೂಜಿ ಹಾಕಿ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ವಾರ ಕಳೆದು ವರದಿ ತರಲು ನಾವು ಮೂವರು ಹೋದೆವು. ನಾನು ಬಿಲ್ಲಿನ ಸಾಲಿನಲ್ಲಿ ನಿಂತಿದ್ದೆ. ತಿರುಗಿ ನೋಡಿದರೆ ದೊಡ್ಡಮ್ಮ ಬೆಂಚಿನ ಮೇಲೆ ಕುಸಿದು ಕೂತು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅಳುತ್ತಿದ್ದಳು. ಕೌಂಟರಿನ ಹುಡುಗಿ ಹೇಳಿದ್ದು ಎರಡೇ ಪದ: 'ನೆಗೆಟಿವ್ ಬಂದಿದೆ.' ಟೀವಿಯ ಜ್ಯೋತಿಷಿಗಳು ದಿನಾ ಬೆಳಿಗ್ಗೆ 'ನೆಗೆಟಿವ್ ಎನರ್ಜಿ' ಓಡಿಸುವುದನ್ನು ನೋಡಿದ ದೊಡ್ಡಮ್ಮನಿಗೆ ಆ ಪದದಲ್ಲಿ ಒಳ್ಳೆಯ ಸುದ್ದಿ ಇರಬಹುದೆಂದು ಹೇಗೆ ತೋಚಬೇಕು?

ನನಗೆ ಆ ಹೊತ್ತು ನೆನಪಾದಾಗಲೆಲ್ಲ ನಾಚಿಕೆಯಾಗುತ್ತದೆ. ಹಳೆಯ ಕನ್ನಡದ ವೈದ್ಯಗ್ರಂಥಗಳ ಮೇಲೆ ಪಿಎಚ್‌.ಡಿ. ಮಾಡುತ್ತಿರುವವಳು ನಾನು. ಹದಿನಾಲ್ಕನೆಯ ಶತಮಾನದ ವಿಷವೈದ್ಯದ ಪದ್ಯವನ್ನು ಬಿಡಿಸಿ ಹೇಳಬಲ್ಲೆ. ಆದರೆ 'ನೆಗೆಟಿವ್ ಅಂದ್ರೆ ಒಳ್ಳೇದು' ಎಂದು ನನ್ನ ದೊಡ್ಡಮ್ಮನಿಗೆ ನಂಬಿಸಲು ಅರ್ಧ ಗಂಟೆ ಬೇಕಾಯಿತು. 'ಅವರು ಕ್ಯಾನ್ಸರ್ ಹುಡುಕಿದ್ರು, ಸಿಗ್ಲಿಲ್ಲ' ಎಂದ ಮೇಲಷ್ಟೇ ಅವಳು ಅಳು ನಿಲ್ಲಿಸಿದ್ದು. ಅಲ್ಲಿಂದ ಮುಂದೆ ನನ್ನ ಅಧ್ಯಯನದ ಪುಸ್ತಕಗಳನ್ನು ಬೇರೆಯದೇ ಪ್ರಶ್ನೆ ಇಟ್ಟುಕೊಂಡು ಓದತೊಡಗಿದೆ. ಕನ್ನಡದಲ್ಲಿ ರೋಗಿಗೆ ಅವನ ರೋಗವನ್ನು ಯಾರು, ಯಾವಾಗ, ಯಾವ ಮಾತಿನಲ್ಲಿ ಹೇಳಿದರು?

ವೈದ್ಯದ ಬರಹ ನಮ್ಮಲ್ಲಿ ಕಡಿಮೆಯೇನಿಲ್ಲ. ಹನ್ನೆರಡನೆಯ ಶತಮಾನದ ಕೀರ್ತಿವರ್ಮ 'ಗೋವೈದ್ಯ' ಬರೆದ. ಅದೇ ಶತಮಾನದಲ್ಲಿ ಜಗದ್ದಳ ಸೋಮನಾಥ ಪೂಜ್ಯಪಾದರ ಸಂಸ್ಕೃತ ಗ್ರಂಥವನ್ನು 'ಕರ್ಣಾಟಕ ಕಲ್ಯಾಣಕಾರಕ'ವಾಗಿ ಕನ್ನಡಕ್ಕೆ ತಂದ. ಮದ್ಯ, ಮಾಂಸ, ಜೇನು ಮೂರನ್ನೂ ಬಿಟ್ಟ ಜೈನ ಚಿಕಿತ್ಸಾಕ್ರಮ ಅದು. ಹದಿನಾಲ್ಕನೆಯ ಶತಮಾನದ ಮಂಗರಾಜನ 'ಖಗೇಂದ್ರಮಣಿದರ್ಪಣ' ಪೂರ್ತಿಯಾಗಿ ವಿಷದ ಬಗ್ಗೆಯೇ ಇದೆ. ಇವೆಲ್ಲ ಸಂಸ್ಕೃತದಿಂದ ಕನ್ನಡಕ್ಕೆ ಇಳಿದ ದೊಡ್ಡ ಹೆಜ್ಜೆಗಳು ಎಂದು ಸಾಹಿತ್ಯ ಚರಿತ್ರೆಗಳು ಹೇಳುತ್ತವೆ, ಸರಿಯೇ. ಆದರೆ ಇವು ವೈದ್ಯ ವೈದ್ಯನಿಗೆ ಬರೆದ ಪುಸ್ತಕಗಳು. ಬಾಯಿಪಾಠಕ್ಕೆ ಅನುಕೂಲವೆಂದು ಪದ್ಯದಲ್ಲಿವೆ. ಹಾಸಿಗೆಯಲ್ಲಿ ಮಲಗಿದವನು ಅವುಗಳ ಓದುಗನಲ್ಲ.

ಹಾಸಿಗೆಯಲ್ಲಿ ಮಲಗಿದವರು ತಮ್ಮ ಕಾಯಿಲೆಗೆ ತಾವೇ ಹೆಸರಿಟ್ಟುಕೊಂಡರು. ನಾಯಿಕೆಮ್ಮು, ಆನೆಕಾಲು, ಗಂಟಲುಮಾರಿ, ಅರಿಶಿನ ಕಾಮಾಲೆ. ಸಂಸ್ಕೃತದಿಂದ ಬಂದ ಧನುರ್ವಾಯುವನ್ನೂ ಈ ಸಾಲಿಗೇ ಸೇರಿಸಬೇಕು, ಬೆನ್ನು ಬಿಲ್ಲಿನ ಹಾಗೆ ಬಾಗಿದ ದೇಹವನ್ನು ಒಮ್ಮೆ ನೋಡಿದವರಿಗೆ ಆ ಪದಕ್ಕೆ ಅರ್ಥ ಬಿಡಿಸಬೇಕಾಗಿಲ್ಲ. ಕಣ್ಣಿಗೆ ಕಂಡದ್ದು, ಕಿವಿಗೆ ಕೇಳಿದ್ದು ಹೆಸರಾಗಿದೆ. ಹೆಸರೇ ವಿವರಣೆ.

ಈ ಪಟ್ಟಿಯಲ್ಲಿ ನನಗೆ ಬಹಳ ಇಷ್ಟವಾದ ಪದ 'ಸರ್ಪಸುತ್ತು'. ಇಂಗ್ಲಿಷಿನ ವೈದ್ಯರು ಇದನ್ನು ಹರ್ಪಿಸ್ ಜೋಸ್ಟರ್ ಎನ್ನುತ್ತಾರೆ. ಹರ್ಪಿಸ್ ಎಂಬುದು ಗ್ರೀಕ್ ಭಾಷೆಯ 'ತೆವಳು' ಎಂಬ ಕ್ರಿಯಾಪದದಿಂದ ಬಂದದ್ದು, ಜೋಸ್ಟರ್ ಎಂದರೆ ನಡುಪಟ್ಟಿ. ಆ ಗ್ರೀಕ್ ಕ್ರಿಯಾಪದವೂ ನಮ್ಮ 'ಸರ್ಪ'ದ ಮೂಲದಲ್ಲಿರುವ ಸಂಸ್ಕೃತ ಧಾತುವೂ ಒಂದೇ ಬೇರಿನವು ಎಂದು ಭಾಷಾಶಾಸ್ತ್ರ ಹೇಳುತ್ತದೆ. ಅಂದರೆ ಅಥೆನ್ಸಿನ ವೈದ್ಯನೂ ನಮ್ಮೂರಿನ ಅಜ್ಜಿಯೂ ಸೊಂಟದ ಸುತ್ತ ಹರಿದ ಆ ಗುಳ್ಳೆಗಳನ್ನು ನೋಡಿ ಹೆಚ್ಚುಕಡಿಮೆ ಒಂದೇ ಮಾತು ಆಡಿದ್ದಾರೆ. ಹೀಗಿದ್ದ ಮೇಲೆ ಹರ್ಪಿಸ್ ವಿಜ್ಞಾನ, ಸರ್ಪಸುತ್ತು ಮೂಢನಂಬಿಕೆ ಎಂದು ವಿಂಗಡಿಸಲು ಬರುವುದಿಲ್ಲ.

ತೊಡಕು ಹೆಸರಿನ ಹಿಂದೆಯೇ ಬರುವ ಕಥೆಯಲ್ಲಿದೆ. ಹಾವಿನ ತಲೆಯೂ ಬಾಲವೂ ಸುತ್ತಿ ಬಂದು ಕೂಡಿದರೆ ಮನುಷ್ಯ ಉಳಿಯುವುದಿಲ್ಲ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಸರ್ಪ ಎಂದ ಕೂಡಲೇ ನಾಗದೋಷ ನೆನಪಾಗುತ್ತದೆ, ಕೆಮ್ಮಣ್ಣು ಹಚ್ಚಿ, ಹರಕೆ ಹೊತ್ತು ನಾಲ್ಕು ದಿನ ಕಳೆಯುತ್ತದೆ. ನಿಜದಲ್ಲಿ ಆಗುವುದು ಇಷ್ಟು: ಚಿಕ್ಕಂದಿನಲ್ಲಿ ಬಂದುಹೋದ ಸೀತಾಳೆ ಸಿಡುಬಿನ ವೈರಸ್ಸು ದೇಹ ಬಿಟ್ಟು ಹೋಗಿರುವುದಿಲ್ಲ, ನರದ ಬುಡದಲ್ಲಿ ಸುಮ್ಮನೆ ಮಲಗಿರುತ್ತದೆ. ವಯಸ್ಸಾಗಿ ಅಥವಾ ಬೇರೆ ಕಾರಣಕ್ಕೆ ಮೈಯ ಕಾವಲು ಸಡಿಲವಾದಾಗ ಎದ್ದು ಆ ಒಂದು ನರದ ಗುಂಟ ಚರ್ಮಕ್ಕೆ ಬರುತ್ತದೆ. ನರಗಳು ಎಡಕ್ಕೊಂದು ಬಲಕ್ಕೊಂದು ಬೇರೆಬೇರೆ ಹೊರಡುವುದರಿಂದ ಗುಳ್ಳೆಗಳು ಸಾಮಾನ್ಯವಾಗಿ ಮೈಯ ಒಂದೇ ಪಕ್ಕದಲ್ಲಿ ನಿಲ್ಲುತ್ತವೆ. ತಲೆ ಬಾಲ ಕೂಡುವ ಸಂದರ್ಭ ಬರುವುದೇ ಅಪರೂಪ. ಔಷಧಿ ಇದೆ, ಆದರೆ ಗುಳ್ಳೆ ಕಂಡ ಮೂರು ದಿನದೊಳಗೆ ಶುರುಮಾಡಿದರೆ ಅದರ ಗುಣ ಹೆಚ್ಚು. ಕೆಮ್ಮಣ್ಣು ಆ ಮೂರು ದಿನವನ್ನು ತಿಂದುಹಾಕುತ್ತದೆ.

ಹೆಸರು ಹೀಗೆ ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ಕಿತ್ತುಕೊಳ್ಳುವುದನ್ನು ಸಿಡುಬಿನ ಚರಿತ್ರೆಯಲ್ಲೂ ನೋಡಬಹುದು. ಉತ್ತರ ಕರ್ನಾಟಕದಲ್ಲಿ ಸಿಡುಬು ಎಂದರೆ ದೇವಿ. ದೇವಿ ಮೈಮೇಲೆ ಬಂದವರಿಗೆ ಮದ್ದು ಮಾಡುವುದೆಂದರೆ ದೇವಿಯನ್ನು ಓಡಿಸಿದ ಹಾಗೆ, ಅದು ಅಪಚಾರ. ಸಿಡುಬು ತಡೆಯುವ ಚುಚ್ಚುಮದ್ದು ಬಂದಾಗ ಜನ ಅದಕ್ಕೂ 'ದೇವಿ ಹಾಕುವುದು' ಎಂದೇ ಹೆಸರಿಟ್ಟರು. ಹಳೇ ಮೈಸೂರಿನ ಕಡೆ ದಾಕು ಹಾಕುವುದು, ಮೈಲಿ ಹಾಕುವುದು ಎಂಬ ಮಾತುಗಳಿದ್ದವು. ಮೈಸೂರು ಅರಮನೆಯ ಹೆಂಗಸರನ್ನು ಥಾಮಸ್ ಹಿಕಿ 1805ರ ಸುಮಾರಿಗೆ ಚಿತ್ರಿಸಿದ. ಅದರಲ್ಲೊಬ್ಬಳು ಸೆರಗು ಸರಿಸಿ ತೋಳು ತೋರಿಸುತ್ತಾಳೆ. ಆಕೆ ತೋರಿಸುತ್ತಿರುವುದು ಹೊಸ ಚುಚ್ಚುಮದ್ದು ಹಾಕಿದ ಜಾಗವನ್ನು, ಚಿತ್ರ ಬರೆಸಿದ್ದೇ ಅದರ ಪ್ರಚಾರಕ್ಕೆ ಎಂದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ವಾದಿಸಿದ್ದಾರೆ. ಚಿತ್ರದ ಮಾತು ನಿಂತಲ್ಲಿ ಅರ್ಥವಾಗುತ್ತದೆ: ರಾಣಿಯೇ ಹಾಕಿಸಿಕೊಂಡಿದ್ದಾಳೆ, ನಿನಗೇನು ಭಯ?

ಈಗ ನಾವು ಬಳಸುವ 'ಲಸಿಕೆ' ಬರಹದ ಕನ್ನಡಕ್ಕೆ ಬಂದ ಸಂಸ್ಕೃತ ಪದ. ಲಸೀಕಾ ಎಂದರೆ ಮೈಯಿಂದ ಒಸರುವ ತಿಳಿನೀರಿನಂಥ ರಸ. ಹತ್ತೊಂಬತ್ತನೆಯ ಶತಮಾನದಲ್ಲಿ ಒಬ್ಬರ ತೋಳಿನ ಗುಳ್ಳೆಯ ರಸವನ್ನೇ ಇನ್ನೊಬ್ಬರ ತೋಳಿಗೆ ಹಚ್ಚುತ್ತಿದ್ದರು. ಇಂಗ್ಲಿಷಿನ ವ್ಯಾಕ್ಸೀನ್ ಪದದೊಳಗೆ ಲ್ಯಾಟಿನ್ನಿನ ಹಸು ಇದ್ದರೆ, ನಮ್ಮ ಲಸಿಕೆಯೊಳಗೆ ಆ ಗುಳ್ಳೆಯ ರಸ ಇದೆ.

ಇಷ್ಟೆಲ್ಲ ಹೇಳಿ ನಮ್ಮ ಕಡೆಯ ಕಾಯಿಲೆಯ ವಿಷಯಕ್ಕೆ ಬರದಿದ್ದರೆ ಊರಿನವರು ಬೈಯುತ್ತಾರೆ. ನಾನು ಸಾಗರ ತಾಲ್ಲೂಕಿನವಳು. ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸಾಲುಸಾಲಾಗಿ ಸತ್ತುಬಿದ್ದವು. ಸುತ್ತಲಿನ ಹಳ್ಳಿಗಳಲ್ಲಿ ಜನರಿಗೂ ವಿಪರೀತ ಜ್ವರ, ತಲೆನೋವು, ಮೈಕೈ ನೋವು, ಕೆಲವರಿಗೆ ರಕ್ತಸ್ರಾವ. ಆಫ್ರಿಕಾ, ದಕ್ಷಿಣ ಅಮೆರಿಕಗಳ ಹಳದಿ ಜ್ವರ ಭಾರತಕ್ಕೂ ಬಂತೇ ಎಂಬ ಗಾಬರಿಯಲ್ಲಿ ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಂದರು. ಅವರಿಗೆ ಸಿಕ್ಕಿದ್ದು ಹೊಸ ವೈರಸ್. ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮಿದುಳು ಜ್ವರದ ವೈರಸ್ಸಿನ ದಾಯಾದಿ. ವಿಜ್ಞಾನಿಗಳು ಅದಕ್ಕೆ ಕ್ಯಾಸನೂರು ಕಾಡಿನ ಕಾಯಿಲೆ ಎಂದು ಹೆಸರಿಟ್ಟರು. ಊರಿನವರು ಮಂಗನ ಕಾಯಿಲೆ ಎಂದರು.

ಊರಿನವರ ಹೆಸರು ತಪ್ಪೆಂದು ಹೇಳಲು ನನಗೆ ಮನಸ್ಸಿಲ್ಲ. ಅವರ ಕಣ್ಣಿಗೆ ಮೊದಲು ಬಿದ್ದದ್ದು ಸತ್ತ ಮಂಗ. ಕಾಡಿನಲ್ಲಿ ಮಂಗ ಸತ್ತರೆ ಜ್ವರ ಬರುತ್ತದೆ ಎಂಬ ಎಚ್ಚರಿಕೆ ಆ ಹೆಸರಿನಲ್ಲೇ ಇದೆ, ಇಂದಿಗೂ ಆರೋಗ್ಯ ಇಲಾಖೆ ಸತ್ತ ಮಂಗ ಕಂಡರೆ ತಿಳಿಸಿ ಎಂದೇ ಕೇಳುವುದು. ಆದರೆ ಆ ಹೆಸರಿನೊಳಗೆ ಉಣುಗು ಇಲ್ಲ! ರೋಗವನ್ನು ಮನುಷ್ಯನಿಗೆ ದಾಟಿಸುವುದು ಉಣುಗು, ಅದರಲ್ಲೂ ಎಳ್ಳಿನ ಕಾಳಿಗಿಂತ ಚಿಕ್ಕದಾದ ಮರಿ ಉಣುಗು. ಮಂಗವೂ ನಮ್ಮ ಹಾಗೆ ಅದರಿಂದ ಕಚ್ಚಿಸಿಕೊಂಡು ಸಾಯುವ ಪ್ರಾಣಿ. ಮಂಗ ಸತ್ತ ಮೇಲೆ ಅದರ ಮೈಮೇಲಿದ್ದ ಉಣುಗುಗಳು ಅಲ್ಲೇ ನೆಲಕ್ಕಿಳಿಯುತ್ತವೆ, ಕೊಟ್ಟಿಗೆಗೆ ತರಗೆಲೆ ಗುಡಿಸಲು ಹೋದವರ ಕಾಲಿಗೆ ಹತ್ತುತ್ತವೆ. ಬಲಿತ ಉಣುಗುಗಳು ಹೆಚ್ಚಾಗಿ ಕಾಡಿಗೆ ಮೇಯಲು ಹೋದ ದನಗಳ ರಕ್ತ ಕುಡಿದು ಸಂತಾನ ಬೆಳೆಸಿಕೊಳ್ಳುತ್ತವೆ. ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದಿಲ್ಲ. ಹೆಸರನ್ನಷ್ಟೇ ಕೇಳಿದವನು ಮಂಗ ಕಂಡರೆ ಹೆದರುತ್ತಾನೆ, ತರಗೆಲೆಗೆ ಹೆದರುವುದಿಲ್ಲ. ರೋಗಿಯ ಮನೆಗೆ ಹೋಗದೆ ದೂರ ಉಳಿಯುತ್ತಾನೆ, ಬರಿಗಾಲಲ್ಲಿ ಕಾಡಿಗೆ ಹೋಗುತ್ತಾನೆ. ಜ್ವರ ಬಂದ ನೂರರಲ್ಲಿ 3ರಿಂದ 5 ಮಂದಿ ಸಾಯುವ ಕಾಯಿಲೆಯಲ್ಲಿ ಇದು ಸಣ್ಣ ತಪ್ಪಲ್ಲ. 2019ರ ಆಸುಪಾಸಿನಲ್ಲಿ ನಮ್ಮ ತಾಲ್ಲೂಕಿನ ಅರಳಗೋಡು ಕಡೆ ಕಾಯಿಲೆ ಜೋರಾದಾಗ ಮನೆಮನೆಗೆ ಹೋದ ಆಶಾ ಕಾರ್ಯಕರ್ತೆಯರು ಮೈಗೆ ಹಚ್ಚುವ ಎಣ್ಣೆಯ ಜೊತೆ ಈ ಮಾತನ್ನೂ ಹೊತ್ತು ತಿರುಗಬೇಕಾಯಿತು.

ಹಾಗೆಂದು ವಿಜ್ಞಾನಿಗಳ ಹೆಸರೇನು ಮೇಲೆ? ಒಂದು ಊರಿನ ಕಾಡು ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲಿ ರೋಗವಾಗಿ ಉಳಿದುಬಿಟ್ಟಿತು. ಹೊಸ ರೋಗಗಳಿಗೆ ಊರಿನ, ಪ್ರಾಣಿಯ, ವ್ಯಕ್ತಿಯ ಹೆಸರಿಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸೂಚಿಸಿತು. ಆ ಲೆಕ್ಕದಲ್ಲಿ ನಮ್ಮ ಕಾಯಿಲೆಯ ಎರಡು ಹೆಸರೂ ಅನರ್ಹ.

ಇಪ್ಪತ್ತನೆಯ ಶತಮಾನದಲ್ಲಿ ಕನ್ನಡದ ವೈದ್ಯಲೇಖಕರ ಮುಂದೆ ಇದ್ದ ಕೆಲಸ ಇದು. ಕೆಲವರು ಪದ ಕಟ್ಟಿದರು. ಡಾ. ಡಿ.ಎಸ್. ಶಿವಪ್ಪನವರ 'ವೈದ್ಯಕೀಯ ಪದಗಳ ಹುಟ್ಟು, ರಚನೆ' ನನ್ನ ಮೇಜಿನ ಮೇಲೆ ಸದಾ ಇರುತ್ತದೆ. ಕ್ಯಾನ್ಸರಿಗೆ ಕನ್ನಡದಲ್ಲಿ 'ಏಡಿಗಂತಿ' ಎಂಬ ಪದ ಹುಟ್ಟಿತು. ಎಷ್ಟು ಒಳ್ಳೆಯ ಪದ! ಗ್ರೀಕರು ಈ ರೋಗವನ್ನು ಏಡಿಗೆ ಹೋಲಿಸಿದ್ದರು, ಲ್ಯಾಟಿನ್ನಿನ ಕ್ಯಾನ್ಸರ್ ಎಂದರೂ ಏಡಿಯೇ. ಏಡಿ ನಮ್ಮ ಗದ್ದೆಯಲ್ಲೇ ಇದೆ, ಗಂತಿ ಎಂದರೆ ಗಂಟು. ಆದರೂ ಏಡಿಗಂತಿ ಪುಸ್ತಕದಿಂದ ಹೊರಗೆ ಬರಲಿಲ್ಲ, ಸಂಸ್ಕೃತದ ಅರ್ಬುದವೂ ಬರಲಿಲ್ಲ. ಜನ ಕ್ಯಾನ್ಸರ್ ಎಂದರು, ಇಲ್ಲವೇ ಹೆಸರೇ ಎತ್ತದೆ 'ಆ ಕಾಯಿಲೆ' ಎಂದರು. ಸೊಗಸಾದ ಕನ್ನಡ ಪದವೊಂದು ಸಿಕ್ಕರೆ ಕೆಲಸ ಮುಗಿಯಿತು ಎಂದು ಸಾಹಿತ್ಯದ ವಿದ್ಯಾರ್ಥಿಗಳಾದ ನಾವು ಬೇಗ ನಂಬಿಬಿಡುತ್ತೇವೆ. ಕಾಯಿಲೆ ಬಿದ್ದವರಿಗೆ ಬೇಕಾದ್ದು ಪದದ ಪಕ್ಕದಲ್ಲಿ ನಿಲ್ಲುವ ಒಂದು ವಾಕ್ಯ. ಸರ್ಪಸುತ್ತು ಸರ್ಪಸುತ್ತಾಗಿಯೇ ಇರಲಿ, ಕ್ಯಾನ್ಸರ್ ಕ್ಯಾನ್ಸರ್ ಆಗಿಯೇ ಇರಲಿ, ಹೆಸರು ಮುಚ್ಚಿಟ್ಟದ್ದನ್ನು ಆ ವಾಕ್ಯ ಹೇಳಬೇಕು.

ಆ ವಾಕ್ಯ ಬರೆಯಬಲ್ಲವರು ನಮ್ಮಲ್ಲಿ ಇದ್ದರು, ಅವರು ಹೆಚ್ಚಾಗಿ ಕಥೆಗಾರರೂ ಆಗಿದ್ದರು ಎಂಬುದು ಗಮನಿಸಬೇಕಾದ ಸಂಗತಿ. 1942ರಲ್ಲಿ 'ಕೊರವಂಜಿ' ಎಂಬ ಹಾಸ್ಯಪತ್ರಿಕೆ ಶುರುಮಾಡಿದ ರಾಶಿ ವೃತ್ತಿಯಲ್ಲಿ ವೈದ್ಯರು, ಡಾ. ಎಂ. ಶಿವರಾಂ. ಮನೋರೋಗಗಳನ್ನು ಕುರಿತ ಅವರ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಇನ್ನೊಬ್ಬರು ತೀರ್ಥಹಳ್ಳಿಯಲ್ಲಿ ಹುಟ್ಟಿದ ಡಾ. ಅನುಪಮಾ ನಿರಂಜನ. ಕಾದಂಬರಿ ಬರೆದ ಕೈಯಲ್ಲೇ 'ತಾಯಿ ಮಗು', 'ದಾಂಪತ್ಯ ದೀಪಿಕೆ', 'ಕೇಳು ಕಿಶೋರಿ' ಬರೆದರು. ಮುಟ್ಟು, ಬಸಿರು, ಹೆರಿಗೆಗಳನ್ನು ಹೆಂಗಸರು ಹಿತ್ತಲಲ್ಲಿ ಪಿಸುಗುಟ್ಟುತ್ತಿದ್ದ ಕಾಲದಲ್ಲಿ ಒಬ್ಬ ವೈದ್ಯೆ ಅವನ್ನು ಅಚ್ಚಿನಲ್ಲಿ ನೇರವಾಗಿ ಹೇಳಿದರು. ಮೂರನೆಯ ಪುಸ್ತಕದ ಹೆಸರಿನಲ್ಲೇ ಯಾರೊಂದಿಗೆ ಮಾತಾಡುತ್ತಿದ್ದೇನೆ ಎಂಬ ಸ್ಪಷ್ಟತೆ ಇದೆ. 1991ರಲ್ಲಿ ಅವರು ತೀರಿಕೊಂಡದ್ದು ಕ್ಯಾನ್ಸರಿನಿಂದಲೇ.

ಅಮ್ಮನ ಟ್ರಂಕಿನಲ್ಲಿ 'ತಾಯಿ ಮಗು'ವಿನ ಒಂದು ಹಳೆಯ ಪ್ರತಿ ಇದೆ, ರಟ್ಟು ಕಿತ್ತುಹೋಗಿದೆ. ನಾನು ಹೊಟ್ಟೆಯಲ್ಲಿದ್ದಾಗ ಓದಿದ್ದಂತೆ. ಆಸ್ಪತ್ರೆಯ ಆ ದಿನ ದೊಡ್ಡಮ್ಮ ಅಳುತ್ತಿದ್ದಾಗ ಅಮ್ಮ ಮಾತ್ರ ಸುಮ್ಮನೆ ವರದಿ ಹಿಡಿದು ಕೂತಿದ್ದಳು. ಡಾಕ್ಟರು ಒಳಗೆ ಕರೆದು 'ಬಿನೈನ್' ಎಂದರು. ನಿಘಂಟಿನಲ್ಲಿ ಅದಕ್ಕೆ 'ಸೌಮ್ಯ' ಎಂಬ ಅರ್ಥವಿದೆ. ಅದನ್ನೇ ಹೇಳಲು ಹೊರಟವಳು ತಡೆದೆ, ನಮ್ಮ ಪಕ್ಕದ ಮನೆಯ ಹುಡುಗಿಯ ಹೆಸರು ಸೌಮ್ಯ. ಕೊನೆಗೆ, 'ಅದು ಬೇರೆ ಕಡೆ ಹರಡೋ ಜಾತಿಯ ಗಂಟಲ್ಲ ಅಮ್ಮಾ' ಎಂದೆ.

ಸಂಜೆ ಸಾಗರದ ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸು, 'ಎಂಥಕ್ಕೆ ಬಂದಿದ್ರಿ ಅಕ್ಕಾ?' ಎಂದು ಕೇಳಿದಳು.

'ಒಂದು ಗಂಟಿತ್ತು, ತೋರ್ಸಕ್ಕೆ. ಇದ್ದಲ್ಲೇ ಇರೋ ಗಂಟಂತೆ. ಊರು ಸುತ್ತೋದಲ್ಲ.'

'ಹಂಗಾರೆ ತೆಗೆಸ್ಬೇಕಾ?'

ಅಮ್ಮ ನನ್ನ ಕಡೆ ತಿರುಗಿದಳು. 'ಈಗೇನೂ ಬೇಡಂತೆ,' ಎಂದೆ. 'ಆರು ತಿಂಗಳು ಬಿಟ್ಟು ಮತ್ತೆ ತೋರಿಸ್ಬೇಕು.' ಆ ಹೆಂಗಸು ಸ್ವಲ್ಪ ಹೊತ್ತು ಕಿಟಕಿಯ ಹೊರಗೆ ನೋಡಿ, ದನಿ ತಗ್ಗಿಸಿ, ತನ್ನ ತಂಗಿಗೂ ಹೀಗೇ ಒಂದು ಇದೆ, ಯಾರಿಗೂ ತೋರಿಸಿಲ್ಲ ಎಂದಳು.